ಹಗ್ಗದ ದರ

ನಮ್ಮ ಊರಿನಲ್ಲಿ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದುಕೊಂಡಿರುವವರೆಗೆ ಅವರಿಗೆ ಸಾವಿಲ್ಲ. ಹೊರಗಿನಿಂದ ಬಂದವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ, ಪುಣ್ಯವಂತರು ಕಣ್ರೀ ನೀವು ಅನ್ನುತ್ತಾರೆ. ಪುಣ್ಯವೇನೋ ಸರಿ, ಆದರೆ ಹಗಲೂ ರಾತ್ರಿ ಹಿಡಿದುಕೊಳ್ಳುವವರು ಯಾರು ಅಂತ ಅವರಲ್ಲಿ ಒಬ್ಬರೂ ಕೇಳಿದ್ದನ್ನು ನಾನು ಕಾಣೆ. ನಾವು ಹಿಡಿದುಕೊಳ್ಳುತ್ತೇವೆ. ಊರಲ್ಲಿ ನಮ್ಮನ್ನು ಕೈಯವರು ಅನ್ನುತ್ತಾರೆ. ನನ್ನ ಅವ್ವ ಕೈಯವಳು, ಅವಳ ಅವ್ವನೂ ಕೈಯವಳು. ನನ್ನ ಹೆಸರು ಕೆಂಚಮ್ಮ, ಮದುವೆಗೆ ಮುಂಚಿನಿಂದಲೂ ನನ್ನದು ಇದೇ ಕೆಲಸ. ಗಂಡಸರು ಯಾರೂ ಇದಕ್ಕೆ ಬರುವುದಿಲ್ಲ.

ಕೈ ಹಿಡಿಯುವುದು ಅಂದರೆ ಬರೀ ಕೈ ಹಿಡಿಯುವುದು ಅಂದುಕೊಳ್ಳಬೇಡಿ. ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗಂಜಿ ಕುಡಿಸಬೇಕು, ಮಗ್ಗಲು ಹೊರಳಿಸಬೇಕು, ಹೇಲು ಉಚ್ಚೆ ಬಳಿಯಬೇಕು, ಬೆನ್ನು ಹುಣ್ಣಾಗದ ಹಾಗೆ ನೋಡಿಕೊಳ್ಳಬೇಕು. ಸತ್ತು ಹೋದ ತಮ್ಮ ಬಂದನೇನೇ ಎಂದು ದಿನವೂ ಕೇಳುವ ಮುದುಕನಿಗೆ ದಿನವೂ ಹೊಸದಾಗಿ ಉತ್ತರ ಹೇಳಬೇಕು. ಪಾಳಿ ಬದಲಾಗುವಾಗ ಬರುವವಳು ತನ್ನ ಅಂಗೈಯನ್ನು ಕೆಳಗಿನಿಂದ ಕೊಟ್ಟು 'ಇದ್ದೀನಿ' ಅನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಹೋಗುವವಳು ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಬೇಕು. ಮನೆಯವರು ಪುರಸಭೆಗೆ ಕಟ್ಟುತ್ತಾರೆ, ಪುರಸಭೆ ನಮಗೆ ಸಂಬಳ ಕೊಡುತ್ತದೆ. ಸಂಬಳ ಅಂತ ಅದನ್ನು ಕರೆಯುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ಊರಿನ ಪಕ್ಕದಲ್ಲಿ ಹೊಳೆ. ಸೇತುವೆ ಇಲ್ಲ, ದೋಣಿ ಇದೆ. ದೋಣಿ ಸೆಳವಿಗೆ ಹೋಗದ ಹಾಗೆ ದಡದಲ್ಲಿ ನಿಂತು ಹಗ್ಗ ಹಿಡಿಯುವ ಗಂಡಸರಿಗೆ ಹಗ್ಗದವರು ಅನ್ನುತ್ತಾರೆ. ಅವರಿಗೂ ಸಂಬಳ ಅದೇ ಪುರಸಭೆಯದು, ಆದರೆ ನಮ್ಮದಕ್ಕಿಂತ ಮೂರು ಪಟ್ಟು. ನನ್ನ ಗಂಡ ಬೊಮ್ಮಣ್ಣನೂ ಹಗ್ಗದವನು. ಒಂದೇ ಮನೆಯಿಂದ ಇಬ್ಬರೂ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದೆವು. ಅವನು ಹಗ್ಗ ಹಿಡಿಯುತ್ತಿದ್ದ, ನಾನು ಕೈ ಹಿಡಿಯುತ್ತಿದ್ದೆ. ಸಂಜೆ ಬಂದು ಅವನು ಕಾಲು ಚಾಚುತ್ತಿದ್ದ, ನಾನು ಒಲೆ ಹಚ್ಚುತ್ತಿದ್ದೆ. ಒಳ್ಳೆಯವನೇ ಪಾಪ. ಒಂದು ದಿನ ಉಣ್ಣುತ್ತಾ ತಾನಾಗಿಯೇ ಹೇಳಿದ, "ಹಗ್ಗನಾದ್ರೆ ಗೂಟಕ್ಕೆ ಎರಡು ಸುತ್ತು ಸುತ್ತಿ ಬೀಡಿ ಸೇದ್ಬೋದು ಕಣೇ. ನಿಂದು ಹಂಗಲ್ಲ." ಈ ಮಾತನ್ನು ಪುರಸಭೆಯಲ್ಲಿ ಬಂದು ಹೇಳು ಅಂದೆ. ಸಾರು ಹಾಕು ಅಂದ.

ಸಂಬಳ ಸಮ ಮಾಡಿ ಎಂದು ಕೇಳುವುದಕ್ಕೆ ಶುರುಮಾಡಿದವಳು ಓಬಕ್ಕ. ನಮ್ಮೆಲ್ಲರಿಗಿಂತ ಹಿರಿಯಳು, ಗಂಡ ಇಲ್ಲ, ಅಂಜಿಕೆಯೂ ಇಲ್ಲ. ಅವಳ ಹಿಂದೆ ನಾವೆಲ್ಲ ಎಷ್ಟು ಸಲ ಪುರಸಭೆಯ ಮೆಟ್ಟಿಲು ಹತ್ತಿ ಇಳಿದೆವೋ ಲೆಕ್ಕವಿಲ್ಲ. ಅಧ್ಯಕ್ಷರು ಪಾಲಾಕ್ಷಪ್ಪನವರು. ಬೈಯುವ ಮನುಷ್ಯ ಅಲ್ಲ, ಅದೇ ತೊಂದರೆ. ಪ್ರತಿ ಸಲವೂ ಕುರ್ಚಿ ಹಾಕಿಸಿ, ಕಾಫಿ ತರಿಸಿ, ಕಣ್ಣಲ್ಲಿ ನೀರು ತಂದುಕೊಂಡು ಮಾತಾಡುತ್ತಿದ್ದರು.

"ಹಗ್ಗಕ್ಕೆ ರಟ್ಟೇಲಿ ಶಕ್ತಿ ಬೇಕು ಕಣಮ್ಮ, ಅದು ಕೆಲಸ. ನಿಮ್ದು ಸೇವೆ. ಅದಕ್ಕೆ ಬೇಕಾಗಿರೋದು ಮನಸ್ಸು. ಮನಸ್ಸಿಗೆ ಯಾರಾದ್ರೂ ಬೆಲೆ ಕಟ್ಟೋಕಾಗುತ್ತಾ?" ಅನ್ನುತ್ತಿದ್ದರು.

"ಒಂದ್ಸಲ ಕಟ್ಟಿ ನೋಡಿ ಸ್ವಾಮಿ, ನಾವೇನ್ ಬ್ಯಾಡ ಅನ್ನಲ್ಲ," ಅಂದಳು ಓಬಕ್ಕ.

ಅಧ್ಯಕ್ಷರು ನಕ್ಕರು, ಸದಸ್ಯರೂ ನಕ್ಕರು. ನಾವು ಕಾಫಿ ಕುಡಿದು ಬಂದೆವು.

ಬೇರೆ ಕೆಲಸದವರಾದರೆ ಕೆಲಸ ಬಿಟ್ಟು ಬೀದಿಯಲ್ಲಿ ಕೂರಬಹುದು. ನಾವು ಬಿಟ್ಟರೆ ಹೆಣ ಬೀಳುತ್ತದೆ. ಅದು ಪುರಸಭೆಗೂ ಗೊತ್ತಿತ್ತು, ಅದಕ್ಕೇ ಅವರು ಅಷ್ಟು ನಿರಾಳವಾಗಿ ಕಾಫಿ ತರಿಸುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥದ್ದೊಂದು ದಾರಿ ಹುಡುಕಲು ಓಬಕ್ಕನಿಗೆ ಬಹಳ ಕಾಲ ಹಿಡಿಯಿತು. ಕೊನೆಗೆ ಒಂದು ದಿನ ಹೊಳೆಯಲ್ಲಿ ಬಟ್ಟೆ ಒಗೆಯುತ್ತಾ ಥಟ್ಟನೆ ಎದ್ದು ನಿಂತು, "ಬಿಡೋದ್ಯಾಕ್ರೇ? ಕೊಡೋಣ!" ಅಂದಳು.

ಹಾಗೇ ಮಾಡಿದೆವು. ಗೊತ್ತು ಮಾಡಿದ ದಿನ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಎಲ್ಲ ಮನೆಗಳಲ್ಲೂ ನಮ್ಮವರು ಆ ಮನೆಯ ಗಂಡಸನ್ನು ಕರೆದು, ಅವನ ಅಂಗೈಯನ್ನು ಅವನ ಅವ್ವನದೋ ಅಪ್ಪನದೋ ಕೈಗೆ ಸೇರಿಸಿ, 'ಇದ್ದೀನಿ' ಅನ್ನಿಸಿ ಹೊರಗೆ ಬಂದುಬಿಟ್ಟರು. ಮನೆಯ ಗಂಡಸರು ಒಬ್ಬ ಮಲಗಿದರೆ ಇನ್ನೊಬ್ಬ ಹಿಡಿದು ಹೇಗೋ ನಿಭಾಯಿಸಿದರು, ಯಾರೂ ಸಾಯಲಿಲ್ಲ. ಆದರೆ ಆ ಮನೆಗಳ ಯಾವ ಗಂಡಸೂ ಮನೆ ಬಿಟ್ಟು ಹೊರಡುವ ಹಾಗಿರಲಿಲ್ಲ. ದರ್ಜಿ ಅಂಗಡಿ ತೆರೆಯಲಿಲ್ಲ, ಕ್ಷೌರದ ಅಂಗಡಿ ತೆರೆಯಲಿಲ್ಲ. ಹಗ್ಗದವರ ಮನೆಗಳಲ್ಲೂ ಹೀಗೆ ಕೈ ಹಿಡಿತದಲ್ಲಿ ಬದುಕಿದ್ದವರಿದ್ದರಲ್ಲ, ದಡ ಖಾಲಿಯಾಗಿ ದೋಣಿ ನಿಂತಿತು. ಈರುಳ್ಳಿ ಮೂಟೆಗಳು ಹೊಳೆಯ ಆಚೆ ದಡದಲ್ಲೇ ಮೊಳಕೆ ಒಡೆದವು. ಮಾವನ ಕೈ ಹಿಡಿದು ಕೂತ ಅಳಿಯಂದಿರು ಕಿಟಕಿಯಿಂದ ಕಿಟಕಿಗೆ ಕೂಗಿ ಮಾತಾಡುತ್ತಿದ್ದರು. ಮೊದಲ ದಿನ ನಾವು ನಕ್ಕದ್ದೇ ನಕ್ಕದ್ದು.

ನಾವು ಅಂದೆ, ಆದರೆ ನಾನು ಅವರ ಜೊತೆ ಇರಲಿಲ್ಲ. ನಾನು ಪುರಸಭೆಯ ಛತ್ರದ ಕೋಣೆಯಲ್ಲಿ ಸಣ್ಣೀರಜ್ಜಿಯ ಕೈ ಹಿಡಿದು ಕೂತಿದ್ದೆ.

ಸಣ್ಣೀರಜ್ಜಿ ತಾನೂ ಕೈಯವಳೇ. ಮುಪ್ಪಾಗುವವರೆಗೆ ಊರಿನ ಅರ್ಧ ಜನರನ್ನು ಹಿಡಿದವಳು. ಹಿಡಿಯುವುದರಲ್ಲೇ ಆಯಸ್ಸು ಕಳೆದು, ಮದುವೆ ಮಕ್ಕಳು ಅಂತ ಏನೂ ಆಗಲಿಲ್ಲ. ಅಂಥ ಕೈಯವರಿಗೆ ಪುರಸಭೆ ಪಿಂಚಣಿ ಕೊಡುವುದಿಲ್ಲ, ಕೊನೆಗಾಲದಲ್ಲಿ ಹಿಡಿಯಲು ಒಂದು ಕೈ ಕೊಡುತ್ತದೆ. ಆ ಕೈ ನನ್ನದಾಗಿತ್ತು. ಇನ್ನಿಬ್ಬರು ಪಾಳಿಯವರು ಮುಷ್ಕರಕ್ಕೆ ಹೋದರು. ನಾನು ಅಜ್ಜಿಯನ್ನು ಯಾರಿಗೆ ಕೊಡಲಿ? ಗಂಡಸು ಅಂತ ಇರಲಿ, ಅವಳಿಗೆ ನೆಂಟರು ಅಂತಲೇ ಯಾರೂ ಇರಲಿಲ್ಲ. ಪುರಸಭೆಯ ಗುಮಾಸ್ತನನ್ನು ಕರೆಸಿದೆವು. ಬಾಗಿಲ ತನಕ ಬಂದವನು ವಿಷಯ ಗೊತ್ತಾದ ಕೂಡಲೇ ಚಪ್ಪಲಿ ಬಿಟ್ಟು ಓಡಿದ. ಹಾಗೆ ನಾನು ಉಳಿದುಕೊಂಡೆ.

ಬೇರೆ ಯಾವ ಕೈಯವಳೂ ಬಂದು ನನ್ನನ್ನು ಬಿಡಿಸಬಾರದು, ಬಿಡಿಸಿದರೆ ಅದು ಕೆಲಸಕ್ಕೆ ಬಂದ ಹಾಗೆ ಎಂದು ತೀರ್ಮಾನವಾಗಿತ್ತು. ನಾನು ಹಿತ್ತಲಿಗೆ ಹೋಗಿ ಬರುವಷ್ಟು ಹೊತ್ತು ಮಾತ್ರ ಓಬಕ್ಕ ಬಂದು ಹಿಡಿಯುತ್ತಿದ್ದಳು. ನಮ್ಮ ಮನೆಯಲ್ಲಿ ಹಿಡಿತದಲ್ಲಿ ಯಾರೂ ಇಲ್ಲದ್ದರಿಂದ ಬೊಮ್ಮಣ್ಣ ಊಟ ತಂದು ತುತ್ತು ಮಾಡಿ ತಿನ್ನಿಸುತ್ತಿದ್ದ, ಅಜ್ಜಿಯ ಕೈ ಹಿಡಿ ಅಂದರೆ ಮಾತ್ರ ಅಂಜಿ ಹಿಂದೆ ಸರಿಯುತ್ತಿದ್ದ. ಮಿಕ್ಕ ಹೊತ್ತೆಲ್ಲ ನಾನೂ ಅಜ್ಜಿಯೂ. ಹಗಲು ಯಾವುದು ರಾತ್ರಿ ಯಾವುದು ಅನ್ನುವುದು ತಪ್ಪಿಹೋಯಿತು. ಸೊಂಟ ನನ್ನದಲ್ಲ ಅನ್ನಿಸಿತು. ಅಜ್ಜಿಗೆ ಮಾತ್ರ ಸಾಯುವ ಯೋಚನೆಯೇ ಇರಲಿಲ್ಲ. ಕಡ್ಡಿಪುಡಿ ಕೇಳುತ್ತಿದ್ದಳು, ಹೊರಗಿನ ಸುದ್ದಿ ಕೇಳುತ್ತಿದ್ದಳು.

"ನನ್ನಿಂದ ನಿಂಗೆ ಕಷ್ಟ ಆಯ್ತು ಕಣೇ ಕೆಂಚಿ. ಆದ್ರೆ ಬಿಟ್ಟುಬಿಡು ಅಂತ ಮಾತ್ರ ನಾನ್ ಅನ್ನಲ್ಲ ನೋಡು. ಎಷ್ಟು ಜನನ್ನ ಹಿಡಿದಿದ್ದೀನಿ! ನಂದೂ ಒಂಚೂರು ನಡೀಲಿ," ಅನ್ನುತ್ತಿದ್ದಳು.

"ಬಿಡು ಅಂದ್ರೆ ಬಿಡ್ತೀನಾ? ಸುಮ್ಕಿರಜ್ಜಿ," ಅನ್ನುತ್ತಿದ್ದೆ. ಬಿಟ್ಟುಬಿಡಲೇ ಎಂದು ಒಮ್ಮೊಮ್ಮೆ ಮನಸ್ಸಿಗೆ ಬರುತ್ತಿತ್ತು. ಬಂದ ಕೂಡಲೇ ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದೆ, ಅಜ್ಜಿ ನೋವು ಕಣೇ ಅನ್ನುತ್ತಿದ್ದಳು.

ಪಾಲಾಕ್ಷಪ್ಪನವರ ಮನೆಯಲ್ಲಿ ಹಿಡಿತದಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಊರಲ್ಲಿ ಆರಾಮವಾಗಿ ತಿರುಗಾಡಿಕೊಂಡಿದ್ದ ಕೆಲವೇ ಗಂಡಸರಲ್ಲಿ ಅವರೂ ಒಬ್ಬರು. ಅವರ ಕಣ್ಣಿಗೆ ನಾನು ಬಿದ್ದೆ. ಮೈಕು ಕಟ್ಟಿಸಿಕೊಂಡು ಬೀದಿ ಬೀದಿಯಲ್ಲಿ ಹೇಳಿದರು: "ಛತ್ರದಲ್ಲಿ ಕೆಂಚಮ್ಮ ಅಂತ ಒಬ್ಬ ತಾಯಿ ಕೂತಿದ್ದಾಳೆ, ನೋಡ್ಕೊಂಡು ಬನ್ನಿ. ಅವಳು ಸಂಬಳ ಕೇಳಿದ್ಲಾ? ದರ ಕೇಳಿದ್ಲಾ? ಇದಕ್ಕೆ ಸೇವೆ ಅಂತಾರೆ. ಹೆಣ್ಣು ಅಂದ್ರೆ ಹಿಂಗಿರಬೇಕು." ಮೈಕಿನ ಮಾತು ಕೋಣೆಯ ಒಳಕ್ಕೂ ಬರುತ್ತಿತ್ತು. ಅಲ್ಲ, ನಾನು ದರ ಕೇಳಲಿಲ್ಲವೇ? ಓಬಕ್ಕನ ಪಕ್ಕದಲ್ಲೇ ನಿಂತು ಎಷ್ಟು ಸಲ ಕೇಳಿದೆ, ಅವರದೇ ಕಾಫಿ ಕುಡಿದು!

ಆದರೆ ಜನ ನಂಬಿದರು. ಅವ್ವನ ಕೈ ಹಿಡಿದು ಬೇಸತ್ತಿದ್ದ ಗಂಡಸರಿಗೆ ಬೇಕಾಗಿದ್ದದ್ದೂ ಅದೇ. ಕೆಂಚಮ್ಮನ್ನ ನೋಡಿ ಕಲಿ ಎಂದು ಹೆಂಡತಿಯರನ್ನು ಹಂಗಿಸಿದರು. ನಮ್ಮವರಲ್ಲಿ ನಾಲ್ಕಾರು ಮಂದಿ ಮುಖ ತಗ್ಗಿಸಿಕೊಂಡು ಕೆಲಸಕ್ಕೆ ಹಿಂದಿರುಗಿದರು. ಮಾರನೆಯ ದಿನ ಇನ್ನಷ್ಟು ಮಂದಿ ಹೋದರು. ಓಬಕ್ಕ ಬಂದು ಬಾಗಿಲಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಂದು ತಪ್ಪು ಅಂತ ಹೇಳಾಕಿಲ್ಲ ಕೆಂಚಿ. ಆದ್ರೆ ನಮ್ಮ ತಲೆ ಮ್ಯಾಲೆ ಕಲ್ಲು ಎಳೀತಿರೋಳು ನೀನೇ. ಇವತ್ತು ಸಂಜೆ ಎಲ್ರಿಗೂ ವಾಪಸ್ ಹೋಗಿ ಅಂದುಬಿಡ್ತೀನಿ. ನಮ್ ಕಾಲಕ್ಕೆ ಇಷ್ಟೇ."

"ನಾನೇನ್ ಮಾಡ್ಲಿ ಓಬಕ್ಕ? ಅಜ್ಜಿನ ಕೊಂದುಬಿಡ್ಲಾ?"

ಅಜ್ಜಿ ಎಲ್ಲ ಕೇಳಿಸಿಕೊಳ್ಳುತ್ತಾ ಸೂರು ನೋಡುತ್ತಿದ್ದಳು. ನನಗೆ ಅಳು ಬಂತು, ಮೂಗು ಒರೆಸಿಕೊಳ್ಳಲು ಇದ್ದದ್ದು ಒಂದೇ ಕೈ.

ಓಬಕ್ಕ ಆಚೆ ಹೋದ ಸ್ವಲ್ಪ ಹೊತ್ತಿಗೆ ವಾಲಗದ ಸದ್ದು ಕೇಳಿಸಿತು. ಪಾಲಾಕ್ಷಪ್ಪನವರು ನನಗೆ ಸನ್ಮಾನ ಮಾಡಲು ಬಂದಿದ್ದರು! ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಹಿಂದೆ ಕೆಲವು ಸದಸ್ಯರು, ಅವತ್ತು ಓಡಿಹೋಗಿದ್ದ ಗುಮಾಸ್ತ, ಮುಂದೆ ಒಬ್ಬ ಫೋಟೋ ತೆಗೆಯುವವನು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂದರೆ ಇದೇ. ಸ್ನಾನ ಕಂಡು ಎಷ್ಟೋ ದಿನವಾಗಿದ್ದ ನನ್ನ ಹೆಗಲಿಗೆ ಶಾಲು ಬಿತ್ತು. ಒಂದು ಕೈ ಅಜ್ಜಿಯ ಹತ್ತಿರ ಇದ್ದದ್ದರಿಂದ ಅದು ಜಾರಿ ಜಾರಿ ಬೀಳುತ್ತಿತ್ತು, ಒಬ್ಬ ಸದಸ್ಯ ಹಿಂದಿನಿಂದ ಹಿಡಿದುಕೊಂಡ. ಅಧ್ಯಕ್ಷರು ನನ್ನನ್ನು ದೇವತೆ ಅಂದರು.

"ಸಾರ್, ಅಜ್ಜಿ ಕೈ ಕೆಳಗೆ ನಿಮ್ಮ ಕೈನೂ ಕೊಡಿ ಸಾರ್, ಫೋಟೋ ಚೆನ್ನಾಗ್ ಬತ್ತದೆ," ಅಂದ ಫೋಟೋದವನು.

ಅಧ್ಯಕ್ಷರು ನಗುನಗುತ್ತಾ ಬಗ್ಗಿ ಅಂಗೈ ಕೊಟ್ಟರು. ಮೆತ್ತನೆಯ, ಬೆಚ್ಚನೆಯ ಕೈ. ಆ ಕ್ಷಣದವರೆಗೂ ನಾನು ಏನನ್ನೂ ಯೋಚಿಸಿರಲಿಲ್ಲ, ಆಣೆಯಾಗಿ ಹೇಳುತ್ತೇನೆ. ಕೆಳಗಿನಿಂದ ಒಂದು ಅಂಗೈ ಬಂತು, ಅಷ್ಟೇ. ನನ್ನ ಕಿರುಬೆರಳು ತಾನಾಗಿ ಸಡಿಲವಾಯಿತು. ಆಮೇಲೆ ನನಗೆ ಅರ್ಥವಾಯಿತು.

"ಇದ್ದೀನಿ ಅನ್ನಿ ಸ್ವಾಮಿ," ಅಂದೆ.

ಅಧ್ಯಕ್ಷರು ಫೋಟೋದವನ ಕಡೆ ನೋಡುತ್ತಾ, "ಇದ್ದೀನಮ್ಮ, ಇದ್ದೀನಿ, ಜನರ ಜೊತೆ ನಾನ್ ಯಾವಾಗ್ಲೂ ಇದ್ದೀನಿ," ಅಂದರು.

ನಾನು ಬೆರಳುಗಳನ್ನು ಒಂದೊಂದಾಗಿ ಬಿಟ್ಟು ಎದ್ದು ನಿಂತೆ. ಮಂಡಿ ಲಟಕ್ಕೆಂದಿತು. ಅವರಿಗೆ ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ತಿಳಿದ ಮೇಲೆ ಮುಖದ ಬಣ್ಣ ಹೋಯಿತು. "ಏಯ್, ಏಯ್ ಕೆಂಚಮ್ಮ, ಬಾರಮ್ಮ ಇಲ್ಲಿ," ಎಂದು ಕರೆದರು. ನಾನು ಪಾಳಿ ಒಪ್ಪಿಸುವವಳ ಹಾಗೆ ಎಲ್ಲವನ್ನೂ ಹೇಳಿದೆ. ಗಂಜಿ ಎಲ್ಲಿದೆ, ಮಗ್ಗಲು ಯಾವಾಗ ಹೊರಳಿಸಬೇಕು, ತುಟಿ ಒಣಗಿದರೆ ಒದ್ದೆ ಬಟ್ಟೆ ಎಲ್ಲಿದೆ, ಕಡ್ಡಿಪುಡಿ ಕೇಳಿದರೆ ಎಷ್ಟು ಕೊಡಬೇಕು. ಸದಸ್ಯರ ಕಡೆ ಅವರು ದೀನರಾಗಿ ನೋಡಿದರು. ಒಬ್ಬೊಬ್ಬರಿಗೂ ಅರ್ಜೆಂಟು ಕೆಲಸ ನೆನಪಾಗಿ ಕೋಣೆ ಖಾಲಿಯಾಯಿತು. ಗುಮಾಸ್ತ ಮಾತ್ರ ಜಗಲಿಯಲ್ಲಿ ಉಳಿದ, ಅಜ್ಜಿಯಿಂದ ಸಾಕಷ್ಟು ದೂರದಲ್ಲಿ.

ಹೊರಗೆ ನಮ್ಮವರು ನನ್ನನ್ನು ತಬ್ಬಿಕೊಂಡರು. ಕೆಲಸಕ್ಕೆ ಹಿಂದಿರುಗಿದ್ದವರೂ ಸುದ್ದಿ ಕೇಳಿ ಮತ್ತೆ ಗಂಡಸರ ಕೈಗೆ ಕೊಟ್ಟು ಬಂದರಂತೆ. ಬಿಸಿ ತುಪ್ಪ ಬಾಯಿಗೆ ಬಿತ್ತಲ್ಲ, ಇನ್ನು ನುಂಗಲಿ ಇಲ್ಲ ಉಗುಳಲಿ ಅಂದಳು ಓಬಕ್ಕ. ನಾನು ಯಾರ ಮಾತೂ ಕೇಳಲಿಲ್ಲ. ಮನೆಗೆ ಹೋಗಿ, ಬೊಮ್ಮಣ್ಣ ಕಾಯಿಸಿಟ್ಟಿದ್ದ ನೀರನ್ನು ಮೈಮೇಲೆ ಸುರಿದುಕೊಂಡು, ತಲೆ ಕೂಡ ಒರೆಸಿಕೊಳ್ಳದೆ ಚಾಪೆಯ ಮೇಲೆ ಬಿದ್ದೆ.

ಎಚ್ಚರವಾದಾಗ ಬಿಸಿಲು ಇನ್ನೂ ನೆತ್ತಿಯಿಂದ ಸ್ವಲ್ಪವೇ ಇಳಿದಿತ್ತು. ಬೊಮ್ಮಣ್ಣ ಕಂಬಳಿ ಎಳೆಯುತ್ತಿದ್ದ. "ಬಿಡೇ, ಮಡಚಿ ಇಡ್ತೀನಿ," ಅನ್ನುತ್ತಿದ್ದ. ನೋಡಿದರೆ ಕಂಬಳಿಯ ಮೂಲೆ ನನ್ನ ಮುಷ್ಟಿಯಲ್ಲಿತ್ತು. ನಿದ್ದೆಯಲ್ಲೇ ಹಿಡಿದುಕೊಂಡಿದ್ದೆ. ಅವನು ಎಷ್ಟು ಎಳೆದರೂ ಬಂದಿರಲಿಲ್ಲ.

ಎದ್ದು ಕೂತೆ. ಅಧ್ಯಕ್ಷರಿಗೆ ಗಂಜಿ ಹೇಳಿದೆ, ಮಗ್ಗಲು ಹೇಳಿದೆ, ಕಡ್ಡಿಪುಡಿಯನ್ನೂ ಹೇಳಿದೆ. ಮಲಗಬೇಡಿ ಅಂತ ಹೇಳಲಿಲ್ಲ. ನಾವು ಮಲಗಿಯೂ ಹಿಡಿದುಕೊಂಡಿರುತ್ತೇವೆ, ಚಿಕ್ಕಂದಿನಿಂದ ಹಾಗೇ ಬೆಳೆದವರು. ಒಬ್ಬ ಕೈಯವಳು ಇನ್ನೊಬ್ಬಳಿಗೆ ಅದನ್ನು ಹೇಳುವುದೇ ಇಲ್ಲ. ಅಷ್ಟು ವರ್ಷ ನಮ್ಮ ಕೆಲಸ ಏನೇನು ಎಂದು ಪುರಸಭೆಗೆ ಹೇಳಲು ಹೋದಾಗಲೂ ನಾವು ಯಾರೂ ಅದನ್ನು ಹೇಳಿರಲಿಲ್ಲ. ಅದೂ ಒಂದು ಕೆಲಸ ಅಂತ ನಮಗೇ ಹೊಳೆದಿರಲಿಲ್ಲ. ಆ ಮನುಷ್ಯ ದಿನವೂ ಮಧ್ಯಾಹ್ನ ಉಂಡು ಮಲಗುವವರು ಎಂದು ಊರಿಗೆಲ್ಲ ಗೊತ್ತು. ಅಯ್ಯೋ ಅಜ್ಜಿ, ನಿನ್ನನ್ನು ನಾನೇ ಕೊಂದೆ! ಒದ್ದೆ ತಲೆಯಲ್ಲಿ ಬೀದಿಗೆ ಬಿದ್ದು ಓಡಿದೆ.

ಛತ್ರದ ಬಾಗಿಲಿಗೆ ಹೋಗುವಾಗಲೇ ಗೊರಕೆ ಕೇಳಿಸಿತು. ಪಾಲಾಕ್ಷಪ್ಪನವರು ಗೋಡೆಗೆ ಒರಗಿ, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದರು. ಪಕ್ಕದಲ್ಲಿ ಉಂಡ ಎಲೆ ಹಾಗೇ ಇತ್ತು. ಅವರ ಕೈ ಚಾಪೆಯ ಮೇಲೆ ಸಡಿಲವಾಗಿ, ಬೆರಳು ಬಿಚ್ಚಿಕೊಂಡು ಬಿದ್ದಿತ್ತು. ಆ ಕೈಯ ಹೆಬ್ಬೆರಳನ್ನು ಸಣ್ಣೀರಜ್ಜಿ ತನ್ನ ಒಣಕಲು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಕಣ್ಣು ಬಿಟ್ಟೇ ಇದ್ದಳು. ಹಣೆಯ ಮೇಲೆಲ್ಲ ಬೆವರು.

"ಸದ್ದು ಮಾಡಬ್ಯಾಡ. ಮಗ ಮಲಗವ್ನೆ," ಅಂದಳು.

ಹಿಡಿತದಲ್ಲಿರುವವರು ತಾವೇ ಹಿಡಿದುಕೊಂಡರೂ ಆಗುತ್ತದೆ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಸ್ಥಿತಿಗೆ ಬಂದವರಿಗೆ ಮುಷ್ಟಿ ಕಟ್ಟುವ ಶಕ್ತಿ ಎಲ್ಲಿರುತ್ತದೆ? ಅಜ್ಜಿಯ ತೋಳು ನಡುಗುತ್ತಿತ್ತು, ಉಗುರು ಬೆಳ್ಳಗಾಗಿತ್ತು. ನಾನು ಕುಕ್ಕರಿಸಿ ಕೈ ಚಾಚಿದೆ.

"ಮುಟ್ಟೀಯ ಮತ್ತೆ!" ಅಂದಳು. "ನೀನ್ ಹಿಡಿದ್ರೆ ಇವ್ನು ಎದ್ದು ಹೊಂಟೋಯ್ತಾನೆ. ಆಮ್ಯಾಕೆ ನಾಳೆಯಿಂದ ಮೈಕಲ್ಲಿ ಮತ್ತೆ ನಿನ್ನೇ ದೇವತೆ ಅಂತಾನೆ."

"ನಿನ್ ಕೈಲಿ ಆಗಲ್ಲ ಅಜ್ಜಿ."

"ನಂಗ್ ಹೇಳ್ಕೊಡ್ತೀಯಾ? ಎಬ್ಬಿಸು ಅವನ್ನ."

ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತೆ. ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಬೇರೆ ಮಾಡಿಲ್ಲ. ಅಧ್ಯಕ್ಷರೇ, ಎದ್ದೇಳಿ, ಎದ್ದೇಳಿ ಸ್ವಾಮಿ ಎಂದು ಕೂಗಿದೆ. ನನ್ನ ಗಂಟಲಿಗೆ ಗುಮಾಸ್ತ ಒಳಗೆ ಬಂದ, ಓಬಕ್ಕ ಬಂದಳು, ಹಿಂದೆ ನಮ್ಮವರೆಲ್ಲ ಬಾಗಿಲು ಕಿಟಕಿಗಳಲ್ಲಿ ತುಂಬಿಕೊಂಡರು. ಪಾಲಾಕ್ಷಪ್ಪನವರು ಬೆಚ್ಚಿ ಕಣ್ಣು ಬಿಟ್ಟರು. ಮೊದಲು ನನ್ನನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು ನೋಡಿದರು. ಬಿಚ್ಚಿಕೊಂಡ ಬೆರಳುಗಳನ್ನು ನೋಡಿದರು. ಹೆಬ್ಬೆರಳಿಗೆ ಜೋತುಬಿದ್ದ ಮುದುಕಿಯನ್ನು ನೋಡಿದರು.

"ನಾನು... ನಾನ್ ಬಿಟ್ಟುಬಿಟ್ಟಿದ್ನಾ?" ಅಂದರು. ಮೈಕಿನ ದನಿ ಎಲ್ಲಿ ಹೋಯಿತೋ.

"ಉಂಡಿದ್ದೇ ಬಿಟ್ಟೆ ಕಣಪ್ಪ," ಅಂದಳು ಅಜ್ಜಿ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು. "ಆಗ್ಲಿಂದ ನಾನೇ ಹಿಡ್ಕೊಂಡಿವ್ನಿ. ಇವತ್ತಿನ ಕೂಲಿ ನನ್ನ ಹೆಸರಿಗೆ ಹಾಕ್ಸು. ಹಗ್ಗದ ದರದಲ್ಲಿ."

ಅಧ್ಯಕ್ಷರು ಗುಮಾಸ್ತನ ಕಡೆ ತಿರುಗಿದರು. ಬೇಗ ಹೇಳಿ ಸ್ವಾಮಿ ಎಂದು ನಾನು ಚೀರಿದೆ.

ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಸಾರ್, ಕೈ ಹಿಡಿದಿದ್ದಕ್ಕೆ ಒಬ್ರಿಗೆ ಹಗ್ಗದ ದರ ಹಾಕಿದ್ರೆ ಎಲ್ರಿಗೂ ಹಾಕ್ಬೇಕಾಯ್ತದೆ."

"ಹಾಕು."

"ಎಲ್ರಿಗೂ ಸಾರ್?"

"ಹಾಕಯ್ಯ ಅಂದ್ನಲ್ಲ!" ಎಂದು ಅಧ್ಯಕ್ಷರು ಅಳುತ್ತಾ ಕಿರುಚಿದರು. ಈ ಸಲ ಕಣ್ಣೀರು ಅವರು ತಂದುಕೊಂಡದ್ದಲ್ಲ, ತಾನಾಗಿ ಬಂದದ್ದು.

ಓಬಕ್ಕ ಮುಂದೆ ಬಂದು ಅಜ್ಜಿಯ ಇನ್ನೊಂದು ಕೈಯ ಕೆಳಗೆ ಅಂಗೈ ಕೊಟ್ಟು 'ಇದ್ದೀನಿ' ಅಂದಳು. ಅಜ್ಜಿ ಕೂಡಲೇ ಬಿಡಲಿಲ್ಲ. ಗುಮಾಸ್ತ ಬರೆದು, ಅಧ್ಯಕ್ಷರು ಎಡಗೈಯಲ್ಲಿ ಸೊಟ್ಟಗೆ ರುಜು ಹಾಕಿ, ಓಬಕ್ಕ ಅದನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆ ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಟ್ಟಳು. ಆಮೇಲೆ ಕಡ್ಡಿಪುಡಿ ಕೇಳಿದಳು.

ಹೊರಗೆ ಕೂಗು, ಕೇಕೆ, ಅಳು, ಎಲ್ಲ ಒಟ್ಟಿಗೇ ಎದ್ದವು. ಅಧ್ಯಕ್ಷರನ್ನು ಕರೆದುಕೊಂಡು ಬಂದಿದ್ದ ವಾಲಗದವರನ್ನೇ ಹಿಡಿದು ನಮ್ಮವರು ಬಾರಿಸಿ ಅಂದರು. ಆ ಗಳಿಗೆಯಲ್ಲಿ ನಿನಗೆ ಎಷ್ಟು ಸಂತೋಷ ಆಗಿರಬೇಕು ಎಂದು ಈಗಿನ ಹುಡುಗಿಯರು ನನ್ನನ್ನು ಕೇಳುತ್ತಾರೆ. ಹಗ್ಗದ ದರದಲ್ಲೇ ಸಂಬಳ ಶುರುವಾದವರು, ಕೇಳುತ್ತಾರೆ ಪಾಪ. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷ ಆಗಲಿಲ್ಲ. ನಿದ್ದೆ ಬಂತು. ಅಲ್ಲೇ, ಅಷ್ಟು ಜನರ ಕಾಲುಗಳ ಮಧ್ಯೆ, ನೆಲದ ಮೇಲೆ ಅಡ್ಡಾಗಿ, ಎರಡೂ ಕೈಗಳನ್ನು ಬಿಚ್ಚಿಟ್ಟು ಮಲಗಿದೆ.